ಏಳನೇ ಪ್ರತಿಯ ಬಿಳಿ ಅಂಚು

ನಂಜನಗೂಡಿನ ಬಸ್ ನಿಲ್ದಾಣದಲ್ಲಿ ಇಪ್ಪತ್ತೊಂಬತ್ತು ವರ್ಷಗಳಿಂದ ಮೈಕಿನ ಮುಂದೆ ಕೂತಿರುವ ಸಂಚಾರ ನಿಯಂತ್ರಕ ನಾನೇ. ಹೆಸರು ಅಮೃತೇಶ್. ನನ್ನ ಮುಖ ಊರಿನಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ, ದನಿ ಎಲ್ಲರಿಗೂ ಗೊತ್ತು. ಬಸ್ಸು ಹೊರಡುತ್ತದೆ ಎಂದು ನಾನು ಹೇಳದಿದ್ದರೆ ಅದು ಹೊರಡುವುದಿಲ್ಲ. ಹೇಳಿದ ಮೇಲೂ ಕೆಲವೊಮ್ಮೆ ಹೊರಡುವುದಿಲ್ಲ, ಅದು ಬೇರೆ ವಿಷಯ. ಇಷ್ಟು ಜವಾಬ್ದಾರಿ ಹೊತ್ತ ಮನುಷ್ಯನಿಗೆ ಒಂದು ಘನವಾದ ಹವ್ಯಾಸ ಇರಬೇಕೋ ಬೇಡವೋ? ನನಗಿದೆ. ಹಳೆಯ ಇಂಗ್ಲಿಷ್ ರಾಕ್ ತಂಡಗಳ ಲಿಮಿಟೆಡ್ ಎಡಿಷನ್ ಫೋಟೋಗಳನ್ನು ಸಂಗ್ರಹಿಸುವುದು. ಸುತ್ತಮುತ್ತ ಈ ಹವ್ಯಾಸ ಇರುವವನು ನಾನೊಬ್ಬನೇ. ವಿಚಾರಿಸಿಯೇ ಹೇಳುತ್ತಿದ್ದೇನೆ.

ಇದು ಅಂಟಿದ್ದು ಊಟಿ ಬಸ್ಸಿನಿಂದ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಾರೋ ಪರದೇಶದ ಪ್ರವಾಸಿ ಸೀಟಿನ ಮೇಲೆ ಒಂದು ಕ್ಯಾಸೆಟ್ ಮರೆತು ಹೋಗಿದ್ದ. ಕಳೆದುಹೋದ ಸಾಮಾನುಗಳ ಕಪಾಟಿನಲ್ಲಿ ಅದು ಒಂದು ವರ್ಷ ಕೂತಿತು. ವಾರಸುದಾರರು ಬರಲಿಲ್ಲ. ನಿಯಮದ ಪ್ರಕಾರ ಹರಾಜು ಕೂಗಿದೆ. ಕೂಗಿದವನೂ ನಾನೇ, ಕೊಂಡವನೂ ನಾನೇ. ಐರನ್ ಕೆಟಲ್ ಎಂಬ ನಾಲ್ಕು ಜನರ ತಂಡ. ಕೇಳಿದರೆ ಒಂದು ಪದವೂ ಅರ್ಥವಾಗಲಿಲ್ಲ. ಮೈಕಿನಲ್ಲಿ ನಾನು ಹೇಳುವುದು ಒಂದಕ್ಷರವೂ ತಿಳಿಯುವುದಿಲ್ಲ ಎಂದು ಪ್ರಯಾಣಿಕರು ದೂರು ಪುಸ್ತಕ ತುಂಬಿಸುತ್ತಿದ್ದ ಕಾಲ ಅದು. ಇವರು ನಮ್ಮವರೇ ಅನ್ನಿಸಿತು. ಅಂದಿನಿಂದ ಇಂದಿನವರೆಗೆ ಆ ಸಂಬಂಧ ಕೆಟ್ಟಿಲ್ಲ.

ಹೋದ ವರ್ಷ ಆ ತಂಡದ ಒಂದು ಫೋಟೋ ನನ್ನ ಕೈಸೇರಿತು. ಕಪ್ಪು ಬಿಳುಪು. ಯಾವುದೋ ಹಳೆಯ ಕಟ್ಟಡದ ಮೆಟ್ಟಿಲ ಮೇಲೆ ನಾಲ್ವರೂ ಕೂದಲು ಬಿಟ್ಟುಕೊಂಡು ಕೂತಿದ್ದಾರೆ. ಇಂಥ ಪ್ರತಿಗಳನ್ನು ಆ ಛಾಯಾಗ್ರಾಹಕ ಮಾಡಿದ್ದು ಜಗತ್ತಿಗೆಲ್ಲ ಇಪ್ಪತ್ತೈದು. ಕೆಳಗಿನ ಬಿಳಿ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಪ್ರತಿಯ ನಂಬರು ಬರೆದು ಸಹಿ ಹಾಕಿದ್ದಾನೆ. ನನ್ನದು ಏಳನೇ ಪ್ರತಿ. ನನ್ನ ಹೆಂಡತಿ ನಯನ ಅಂಗನವಾಡಿ ಶಿಕ್ಷಕಿ. ಅವಳಿಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದೆ: "ಇಪ್ಪತ್ತೈದೇ ಸೀಟಿನ ಬಸ್ಸು. ನಿಂತು ಹೋಗುವವರಿಗೆ ಅವಕಾಶ ಇಲ್ಲ. ಇನ್ನೊಂದು ಬಸ್ಸು ಬಿಡೋದೂ ಇಲ್ಲ. ಅದರಲ್ಲಿ ಏಳನೇ ಸೀಟು ನಂದು."

"ಬಸ್ಸು ಎಲ್ಲಿಗೆ ಹೋಗತ್ತೆ?" ಎಂದಳು.

ನಾನು ಫೋಟೋವನ್ನು ಹುಷಾರಾಗಿ ಮತ್ತೆ ಕವರಿಗೆ ಹಾಕಿದೆ.

ನಯನಳ ತಮ್ಮ ಮದನ್‌ಗೆ ತಿ. ನರಸೀಪುರದಲ್ಲಿ ಗೊಬ್ಬರದ ಅಂಗಡಿ. ಅವನು ಬಂದು, ಫೋಟೋ ನೋಡಿ, ನೆಂಟರೆಲ್ಲರ ಎದುರು ನಕ್ಕ. "ಭಾವ, ಕೂದ್ಲು ಬಿಟ್ಕಂಡಿರೋ ಗಂಡಸ್ರನ್ನ ನೋಡ್ಬೇಕಂದ್ರೆ ನಮ್ ಮುಡುಕುತೊರೆ ದೇವಸ್ಥಾನಕ್ಕೆ ಬನ್ನಿ. ಮುಡಿ ಕೊಡಕ್ಕೆ ಸಾಲಾಗಿ ಕೂತಿರ್ತಾರೆ. ಪುಕ್ಕಟೆ ನೋಡ್ಬೋದು." ಅಂದಿನಿಂದ ನಮ್ಮ ನೆಂಟರ ಮದುವೆ ಮುಂಜಿಗಳಲ್ಲಿ ನನ್ನನ್ನು ಕಂಡರೆ ಯಾರಾದರೊಬ್ಬರು "ಮುಡಿ ಕೊಟ್ರಾ ನಿಮ್ಮೋರು?" ಎಂದು ಕೇಳುವುದು ರೂಢಿಯಾಯಿತು. ಹೊರಗೆ ನಕ್ಕರೂ ಒಳಗೆ ನನಗೆ ತುಂಬ ನೋವಾಗುತ್ತಿತ್ತು.

ಆದರೆ ನನಗೂ ಒಂದು ಕಾಲ ಬಂತು. ಮೈಸೂರಿನಲ್ಲಿ ಬಿಂದುಶ್ರೀ ಎಂಬ ಹೆಣ್ಣುಮಗಳಿದ್ದಾರೆ. ಈ ಇಪ್ಪತ್ತೈದು ಪ್ರತಿಗಳಲ್ಲಿ ಯಾವುದು ಯಾವ ಊರಿನಲ್ಲಿ, ಯಾರ ಬಳಿ ಇದೆ ಎಂದು ಸಂಗ್ರಾಹಕರ ಸಂಘವೊಂದು ಇಟ್ಟಿರುವ ಪಟ್ಟಿಗೆ ಈ ಕಡೆಯ ಜವಾಬ್ದಾರಿ ಅವರದು. ಫೋನಿನಲ್ಲಿ ಆ ಪಟ್ಟಿ ಕಳಿಸಿದರು. ಒಂದನೆಯದು ಲಂಡನ್. ಎರಡು ಟೋಕಿಯೋ. ಮೂರು ಷಿಕಾಗೋ. ಹೀಗೇ ಸಾಗಿ ಏಳರ ಎದುರು ಖಾಲಿ ಜಾಗ. ಭಾನುವಾರ ಬರುವುದಾಗಿಯೂ, ನಂಬರು ಮತ್ತು ಸಹಿಯನ್ನು ಕಣ್ಣಾರೆ ನೋಡಿದರೆ ಮಾತ್ರ ದಾಖಲು ಮಾಡುವುದಾಗಿಯೂ, ಇಲ್ಲವಾದರೆ ಅದು ಗೋಡೆಗೆ ಅಂಟಿಸುವ ಪೋಸ್ಟರಿಗೆ ಸಮ ಎಂದೂ ಬರೆದಿದ್ದರು. ಆ ಖಾಲಿ ಜಾಗದಲ್ಲಿ ನಂಜನಗೂಡು ಎಂದು ಬರೆಯುವುದನ್ನು ನೋಡಿಬಿಟ್ಟರೆ ನನಗೆ ಮತ್ತೇನೂ ಬೇಡವಾಗಿತ್ತು. ನಯನಳಿಂದ ಹಿಡಿದು ಬಸ್ ನಿಲ್ದಾಣದ ಕಡಲೆಕಾಯಿಯವಳವರೆಗೆ ಎಲ್ಲರಿಗೂ ಹೇಳಿದೆ. ಮದನ್‌ಗಂತೂ ಎರಡು ಸಲ ಹೇಳಿದೆ.

ಇಂಥ ಅತಿಥಿಯ ಎದುರು ಫೋಟೋವನ್ನು ಬರಿಗೈಯಲ್ಲಿ ಹಿಡಿದು ತೋರಿಸಲಾದೀತೇ? ಸೋಮವಾರ ಅದನ್ನು ರಥಬೀದಿಯ ಚಿಕ್ಕಬಸಪ್ಪನ ಅಂಗಡಿಗೆ ಕಟ್ಟು ಹಾಕಲು ಕೊಟ್ಟೆ. ಚಿಕ್ಕಬಸಪ್ಪ ನಲವತ್ತು ವರ್ಷಗಳಿಂದ ದೇವರ ಫೋಟೋಗಳಿಗೆ ಕಟ್ಟು ಹಾಕಿದವನು. ಅವನ ಕೈ ದಾಟಿ ಬಾರದ ದೇವರು ನಮ್ಮ ಸೀಮೆಯಲ್ಲಿಲ್ಲ. "ಜೋಪಾನ" ಎಂದೆ. "ನಂಗ್ ಯೋಳ್ತೀರಾ ಸಾ?" ಎಂದು ನೊಂದುಕೊಂಡ.

ಗುರುವಾರ ಹೋದಾಗ ಫೋಟೋ ಅಂಗಡಿಯ ಮುಂದೆಯೇ ನೇತಾಡುತ್ತಿತ್ತು. ಚಿನ್ನದ ಬಣ್ಣದ ಕಟ್ಟು. ಸುತ್ತ ಕೆಂಪು, ಹಸಿರು ಸೀರಿಯಲ್ ಬಲ್ಬುಗಳು ಒಂದಾದ ಮೇಲೊಂದು ಹತ್ತಿ ಆರುತ್ತಿದ್ದವು. ಗಾಜಿನ ಮೇಲೆ ನಾಲ್ವರ ಹಣೆಗೂ ಮೂರು ಗೆರೆ ವಿಭೂತಿ. ಡ್ರಮ್ ಬಾರಿಸುವವನ ಹಣೆ ಕೂದಲಲ್ಲಿ ಮುಚ್ಚಿಹೋಗಿತ್ತು. ಅವನಿಗೆ ಕೂದಲ ಮೇಲೇ ಎಳೆದಿದ್ದ.

"ಇದೇನಯ್ಯಾ?" ಎಂದೆ.

"ನಲ್ವತ್ತು ವರ್ಸದಿಂದ ನನ್ನಂಗ್ಡಿಯಿಂದ ಬರೀ ಅಣೇಲಿ ಯಾರೂ ಓಗಿಲ್ಲ ಸಾ."

ಅದನ್ನು ಒರೆಸಿಕೊಳ್ಳಬಹುದು, ಬಲ್ಬು ಕಿತ್ತುಕೊಳ್ಳಬಹುದು ಎಂದು ಸಮಾಧಾನ ಮಾಡಿಕೊಳ್ಳುತ್ತಾ ಕೆಳಗೆ ನೋಡಿದೆ. ಬಿಳಿ ಅಂಚು ಇರಲಿಲ್ಲ. ಫೋಟೋ ಮುಗಿದಲ್ಲೇ ಕಟ್ಟು ಶುರುವಾಗಿತ್ತು.

"ಅಂಚು! ಅಂಚೆಲ್ಲಿ?"

"ಕುಯ್ದೆ ಸಾ. ಬಿಳೀ ಅಂಚು ಬುಟ್ರೆ ಫೋಟೋದಲ್ಲಿರೋರು ಮನೆಯೊಳಕ್ಕೆ ಬಂದಂಗಿರಲ್ಲ. ಬಾಗ್ಲಾಚೆ ನಿಂತ್ಕಂಡು, ಕರೀಲಿ ಅಂತ ಕಾಯ್ತಿದ್ದಂಗಿರ್ತದೆ. ನನ್ ಕೈಲಿ ಕಟ್ಟಾಕಿಸ್ಕಂಡ ಯಾವ್ ದೇವ್ರೂ ಇದ್ವರ್ಗೂ ಬಾಗ್ಲಾಚೆ ನಿಂತಿಲ್ಲ."

"ಅದರಲ್ಲಿ ನಂಬರಿತ್ತಯ್ಯಾ! ಸಹಿ ಇತ್ತು!"

"ಅದಾ? ಯಾರೋ ಪೆನ್ಸಿಲ್ನಲ್ಲಿ ಗೀಚಿದ್ರು. ರಬ್ಬರ್ ತಕಂಡು ಉಜ್ಜವ ಅಂತಿದ್ದೆ. ಎಂಗೂ ಕುಯ್ಯೋದಲ್ವಾ ಅಂತ ಬುಟ್ಟೆ."

ಆ ರಬ್ಬರು ಈಗಲೂ ನನ್ನ ಕನಸಿನಲ್ಲಿ ಬರುತ್ತದೆ. ಕುಯ್ದ ಅಂಚು ಕಸಕ್ಕೆ ಹೋಯಿತೇ ಎಂದು ಕೇಳಿದೆ. ಚಿಕ್ಕಬಸಪ್ಪನಿಗೆ ಸಿಟ್ಟೇ ಬಂತು. "ಅಂಥ ಗಟ್ಟಿ ಕಾಗ್ದ ಬಿಸಾಕಕ್ಕೆ ನಾನೇನ್ ಕುಡ್ದಿದ್ನಾ? ಇನ್ಯಾವ್ದೋ ಫೋಟೋ ಕಟ್ಟಿನೊಳ್ಗೆ ಲೂಜಾಗಿತ್ತು. ಅದರ ಇಂದ್ಗಡೆ ಪಟ್ಟಿ ಕೊಟ್ಟು ಮೊಳೆ ಒಡ್ದೆ. ಇನ್ ನೂರು ವರ್ಸ ಅಲ್ಲಾಡಲ್ಲ."

"ಯಾರ ಫೋಟೋ?"

"ಅದೆಂಗ್ ಗೊತ್ತಾಯ್ತದೆ ಸಾ? ಎಸ್ರು ಬರ್ಕೊಳ್ಳೋ ಅಭ್ಯಾಸ ನಮ್ಮಪ್ಪನ ಕಾಲ್ದಿಂದ್ಲೂ ಇಲ್ಲ. ಅವ್ರವ್ರ ಫೋಟೋ ಅವ್ರವ್ರು ನೋಡಿ ಎತ್ಕಂಡೋಯ್ತಾರೆ. ದೇವ್ರನ್ನ ಅದಲು ಬದಲು ಮಾಡ್ಕಂಡೋದೋರು ಒಬ್ರೂ ಇಲ್ಲ."

ಹೀಗೆ ನನ್ನ ಏಳನೇ ಪ್ರತಿಯ ಮಾನವೆಲ್ಲ ಯಾರದೋ ಮನೆಯ ಗೋಡೆಯ ಮೇಲೆ, ಯಾರದೋ ಫೋಟೋದ ಬೆನ್ನಿಗೆ ಅಂಟಿಕೊಂಡು ಕೂತಿತು. ಭಾನುವಾರಕ್ಕೆ ಮೂರೇ ದಿನ ಉಳಿದಿತ್ತು.

ಸಾಮಾನ್ಯ ಮನುಷ್ಯನಾಗಿದ್ದರೆ ತಲೆಯ ಮೇಲೆ ಕೈಹೊತ್ತು ಕೂರುತ್ತಿದ್ದ. ನಾನು ಸಂಚಾರ ನಿಯಂತ್ರಕ. ಶುಕ್ರವಾರ ಬೆಳಿಗ್ಗೆ ಮೈಕು ಹಾಕಿ, ಗಂಟಲು ಸರಿಮಾಡಿಕೊಂಡು ಹೀಗೆ ಪ್ರಕಟಿಸಿದೆ:

"ಪ್ರಯಾಣಿಕರ ಗಮನಕ್ಕೆ. ಈ ವಾರ ರಥಬೀದಿಯ ಚಿಕ್ಕಬಸಪ್ಪನವರ ಅಂಗಡಿಯಲ್ಲಿ ಫೋಟೋಗಳಿಗೆ ಕಟ್ಟು ಹಾಕಿಸಿದವರು ತಮ್ಮ ತಮ್ಮ ಫೋಟೋಗಳ ಹಿಂಭಾಗವನ್ನು ಪರೀಕ್ಷಿಸಿಕೊಳ್ಳಬೇಕಾಗಿ ವಿನಂತಿ. ಬಿಳಿ ಪಟ್ಟಿಯೊಂದು ಕಂಡುಬಂದಲ್ಲಿ ಅದನ್ನು ಮುಟ್ಟದೆ, ಫೋಟೋ ಸಮೇತ ಮೂರನೇ ಅಂಕಣಕ್ಕೆ ತರತಕ್ಕದ್ದು."

ಇಪ್ಪತ್ತೊಂಬತ್ತು ವರ್ಷಗಳಲ್ಲಿ ನನ್ನ ಪ್ರಕಟಣೆ ಜನಕ್ಕೆ ಅರ್ಥವಾದದ್ದು ಅದೇ ಮೊದಲು. ಇಡೀ ನಿಲ್ದಾಣ ಸ್ಪೀಕರಿನ ಕಡೆ ತಲೆಯೆತ್ತಿತು. ನನಗೆ ಹೆಮ್ಮೆಯಾಗಿ ಅದನ್ನೇ ಇನ್ನೂ ಹನ್ನೊಂದು ಸಲ ಓದಿದೆ.

"ಮುಟ್ಟದೆ" ಎಂದು ನಾನು ಹೇಳಿದ್ದು ಪೆನ್ಸಿಲ್ ಬರಹ ಅಳಿಸಿಹೋಗಬಾರದೆಂದು. ಜನ ಅದನ್ನು ತಮ್ಮ ಒಳ್ಳೆಯದಕ್ಕೆ ಹೇಳಿದ್ದೆಂದುಕೊಂಡರು. ಬಸ್ಸುಗಳು ಹೊರಟವು, ಸುದ್ದಿಯೂ ಹೊರಟಿತು. ಚಿಕ್ಕಯ್ಯನಛತ್ರ ತಲುಪುವ ಹೊತ್ತಿಗೆ, ದೇವರ ಫೋಟೋ ಹಿಂದಿನ ಬಿಳಿ ಪಟ್ಟಿ ಮುಟ್ಟಿದವರಿಗೆ ಕೈ ಊದಿಕೊಂಡಿದೆ ಎಂದಾಗಿತ್ತು. ತಿ. ನರಸೀಪುರಕ್ಕೆ ಹೋಗುವಷ್ಟರಲ್ಲಿ, ಸರ್ಕಾರ ಮನೆಮನೆಯ ದೇವರ ಫೋಟೋಗಳನ್ನೆಲ್ಲ ತಪಾಸಣೆ ಮಾಡುತ್ತಿದೆ, ಮಾಡಿಸದವರ ರೇಷನ್ ಕಾರ್ಡು ರದ್ದು ಎಂಬ ಮಟ್ಟಕ್ಕೆ ಬೆಳೆದಿತ್ತು. ಪ್ರತಿ ಸ್ಟಾಪಿನಲ್ಲೂ ಜನ ಸುದ್ದಿಗೆ ಸ್ವಲ್ಪ ಸ್ವಲ್ಪ ಸೇರಿಸಿ ಕಳಿಸಿದರು.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ನೋಡುತ್ತೇನೆ, ಮೂರನೇ ಅಂಕಣದಲ್ಲಿ, ಅಂದರೆ ಕೊಳ್ಳೇಗಾಲದ ಬಸ್ಸಿನ ಪ್ಲಾಟ್‌ಫಾರಂನಲ್ಲಿ, ಪ್ರಯಾಣಿಕರಿಗೆ ಜಾಗವಿಲ್ಲ. ಹುಲಿಯ ಮೇಲೆ ಕೂತ ಮಾದಪ್ಪನೇ ಹದಿನೇಳು. ಪಾರ್ವತಿ ಸಮೇತನಾದ ಶ್ರೀಕಂಠೇಶ್ವರ ಒಂಬತ್ತು. ಬೆಂಚುಗಳ ಮೇಲೆ ಲಕ್ಷ್ಮಿಯರು, ಕಂಬಕ್ಕೊರಗಿ ಬಸವಣ್ಣನವರು, ನೀರಿನ ನಲ್ಲಿಯ ಪಕ್ಕದಲ್ಲಿ ಬುದ್ಧ. ಈ ವಾರ ಕಟ್ಟು ಹಾಕಿಸಿದವರಷ್ಟೇ ಅಲ್ಲ, ಇಪ್ಪತ್ತು ಮೂವತ್ತು ವರ್ಷಗಳ ಹಿಂದೆ ಹಾಕಿಸಿದವರೂ ಗೋಡೆಯಿಂದ ಇಳಿಸಿ ಹೊತ್ತು ತಂದಿದ್ದರು. ಯಾರೋ ಚಪ್ಪಲಿ ಆಚೆ ಬಿಟ್ಟರು. ಅವರನ್ನು ನೋಡಿ ಎಲ್ಲರೂ ಬಿಟ್ಟರು. ಹೂವಿನವಳು ಬುಟ್ಟಿ ಸಮೇತ ಬಂದು ಕೂತಳು. ಒಬ್ಬಾಕೆ ಕರ್ಪೂರ ಹಚ್ಚಿಯೇಬಿಟ್ಟಳು.

ಕೊಳ್ಳೇಗಾಲದ ಬಸ್ಸು ಬಂದು ಅಂಕಣಕ್ಕೆ ನುಗ್ಗಲಾರದೆ ಹಾರ್ನ್ ಹೊಡೆಯಿತು. ಜನ ಅದನ್ನು ಗಂಟೆ ಎಂದೇ ತಿಳಿದು ಕೈಮುಗಿದರು.

ಡಿಪೋ ಮ್ಯಾನೇಜರ್ ಗೋವಿಂದಯ್ಯನವರು ಜೀಪಿನಿಂದ ಇಳಿದವರೇ ನನ್ನ ಕಡೆ ಬೆರಳು ಚಾಚಿ, "ರೀ ಅಮೃತೇಶ್! ಏನ್ರೀ ಇದು? ಬಸ್ ಸ್ಟ್ಯಾಂಡೋ ದೇವಸ್ಥಾನವೋ?" ಎಂದು ಗರ್ಜಿಸುತ್ತಾ ದಾಪುಗಾಲು ಹಾಕಿದರು. ಚಪ್ಪಲಿಗಳ ರಾಶಿಯ ಹತ್ತಿರ ಬಂದಾಗ ಗಕ್ಕನೆ ನಿಂತರು. ಅತ್ತ ನೋಡಿದರು, ಇತ್ತ ನೋಡಿದರು. ಬಗ್ಗಿ ಬೂಟಿನ ಲೇಸು ಬಿಚ್ಚಿದರು. ಬರಿಗಾಲಲ್ಲಿ ಬಂದು, ಕರ್ಪೂರದ ತಟ್ಟೆಯ ಮೇಲೆ ಕೈಯಾಡಿಸಿ, ಕಣ್ಣಿಗೊತ್ತಿಕೊಂಡು, ಮೆಲುದನಿಯಲ್ಲಿ ಅಂದರು: "ನಿಮಗೆ ಮೆಮೋ ಕೊಡ್ತೀನಿ ಕಣ್ರೀ. ಮಂಗಳಾರತಿ ಆಗ್ಲಿ."

ಚಿಕ್ಕಬಸಪ್ಪ ಇಕ್ಕಳ ಹಿಡಿದು ನೆಲದ ಮೇಲೆ ಕೂತು ಒಂದೊಂದೇ ಕಟ್ಟಿನ ಬೆನ್ನು ಬಿಚ್ಚತೊಡಗಿದ. ಅಷ್ಟು ಖುಷಿಯಲ್ಲಿ ಅವನನ್ನು ನಾನೆಂದೂ ನೋಡಿರಲಿಲ್ಲ. ಅವನ ನಲವತ್ತು ವರ್ಷದ ಕೆಲಸವೆಲ್ಲ ಒಂದೇ ದಿನ ತವರಿಗೆ ಬಂದಿತ್ತು. "ಇದು ಎಂಬತ್ತೆಂಟ್ನೇ ಇಸ್ವೀದು. ಮೊಳೆ ನೋಡಿ ಸಾ, ಒಂದಾರ ತುಕ್ಕಿಡ್ದದಾ?" ಎಂದು ಪ್ರತಿಯೊಂದನ್ನೂ ನನಗೆ ತೋರಿಸುತ್ತಿದ್ದ. ಒಳಗಿನಿಂದ ಏನೇನೋ ಬಂದವು. ಚುನಾವಣೆಯ ಕರಪತ್ರ, ಸೋಪಿನ ಡಬ್ಬ, ಯಾರದೋ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಅರ್ಧ. ಒಬ್ಬನಿಗೆ ಅವನದೇ ಮದುವೆಯ ಲಗ್ನಪತ್ರಿಕೆ ಸಿಕ್ಕಿತು. ಅವನ ಹೆಂಡತಿ ಅದನ್ನು ಕಿತ್ತುಕೊಂಡು ಮುಹೂರ್ತದ ವೇಳೆ ಓದಿ, "ನಾನ್ ಯೋಳ್ಲಿಲ್ವಾ? ರಾಹುಕಾಲದಲ್ಲೇ ಕಟ್ಟಿರೋದು ನೀನು!" ಎಂದು ಅಲ್ಲೇ ಶುರು ಮಾಡಿದಳು.

ನನ್ನ ಬಿಳಿ ಪಟ್ಟಿ ಮಾತ್ರ ಸಿಗಲಿಲ್ಲ. ಸಂಜೆಗೆ ದೇವರುಗಳು ಬಂದ ಬಂದ ಬಸ್ಸಿನಲ್ಲೇ ವಾಪಸಾದರು. ನನ್ನ ಕೈಯಲ್ಲಿ ಉಳಿದದ್ದು ಮೆಮೋ. ಪೂರ್ವಾನುಮತಿ ಇಲ್ಲದೆ ಎಂಬತ್ತಮೂರು ದೇವರುಗಳನ್ನು ಅಂಕಣದಲ್ಲಿ ನಿಲುಗಡೆ ಮಾಡಿಸಿದ್ದಕ್ಕೆ ಮೂರು ದಿನದೊಳಗೆ ಸಮಜಾಯಿಷಿ ನೀಡತಕ್ಕದ್ದು ಎಂದು ಅದರಲ್ಲಿತ್ತು.

ಭಾನುವಾರ ಹತ್ತು ಗಂಟೆಗೆ ಸರಿಯಾಗಿ ಬಿಂದುಶ್ರೀಯವರ ಕಾರು ನಮ್ಮ ಮನೆಯ ಮುಂದೆ ನಿಂತಿತು. ಮೂವತ್ತರ ಆಸುಪಾಸಿನ ಹುಡುಗಿ. ಕೈಯಲ್ಲಿ ಭೂತಗನ್ನಡಿ, ಬಿಳಿ ಕೈಗವಸು. ಬೀದಿಯವರೆಲ್ಲ ಹೆಬ್ಬಾಗಿಲಲ್ಲಿ ನೆರೆದಿದ್ದರು. ಚಿಕ್ಕಬಸಪ್ಪ ಹೊಸ ಪಂಚೆ ಉಟ್ಟು ಬಂದು ಮೂಲೆಯಲ್ಲಿ ನಿಂತಿದ್ದ. ನಯನ ಉಪ್ಪಿಟ್ಟು ಕೊಟ್ಟಳು. ಬಿಂದುಶ್ರೀ ತಿಂದು, ಕೈತೊಳೆದು, ಕೈಗವಸು ತೊಟ್ಟು, ಗೋಡೆಯತ್ತ ತಿರುಗಿದರು. ಪಟ್ಟಿ ಹುಡುಕುವ ಗಡಿಬಿಡಿಯಲ್ಲಿ ವಿಭೂತಿ ಒರೆಸುವುದೂ ಬಲ್ಬು ಕೀಳುವುದೂ ನನಗೆ ಮರೆತೇಹೋಗಿತ್ತು. ಬಲ್ಬುಗಳು ಹತ್ತಿ ಆರುತ್ತಿದ್ದವು.

ಅವರು ಹತ್ತಿರ ಹೋಗಿ ಭೂತಗನ್ನಡಿಯನ್ನು ಒಬ್ಬೊಬ್ಬರ ಹಣೆಯ ಮೇಲೂ ಆಡಿಸಿದರು.

"ವಿಭೂತಿ ಗಾಜಿನ ಮೇಲಿದೆ ತಾನೇ?" ಎಂದು ಕೊನೆಗೆ ಕೇಳಿದರು.

"ಗಾಜಿನ ಮೇಲೇ ಮೇಡಂ."

"ಅಂಚು?"

ಸುಳ್ಳು ಹೇಳುವುದು ನನಗೆ ಬರುವುದಿಲ್ಲ. ಬಸ್ಸು ಐದು ನಿಮಿಷದಲ್ಲಿ ಬರುತ್ತದೆ ಎಂದು ಹೇಳುವುದನ್ನು ಬಿಟ್ಟರೆ ನಾನು ಸುಳ್ಳು ಹೇಳಿದವನಲ್ಲ. ಎಲ್ಲವನ್ನೂ ಹೇಳಿಬಿಟ್ಟೆ. ಬಿಂದುಶ್ರೀ ಕೈಗವಸು ಕಳಚತೊಡಗಿದರು. "ಸಾರಿ ಸರ್. ನನಗೂ ಬೇಜಾರು. ಆದರೆ ನಂಬರೂ ಸಹಿಯೂ ಇಲ್ಲದೆ ಇದನ್ನ ಏಳನೇ ಪ್ರತಿ ಅಂತ ನಾನು ಬರೆಯೋ ಹಾಗಿಲ್ಲ" ಎಂದರು. ಬಾಗಿಲಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಹತ್ತಿರ ಹತ್ತಿರ ಮೂವತ್ತು ವರ್ಷ ಪ್ರೀತಿಸಿದ್ದನ್ನು ಎದುರಿಗಿಟ್ಟುಕೊಂಡು ಇದು ನನ್ನದು ಎಂದು ಹೇಳಲಾಗದೆ ನಿಂತಿದ್ದೆ.

ಆಗ ಫೋನ್ ಬಡಿದುಕೊಂಡಿತು. ಮದನ್. ಇವನು ನಗಲೆಂದೇ ಈ ಹೊತ್ತು ನೋಡಿ ಮಾಡಿದ್ದಾನೆ ಎಂದು ಎತ್ತಲಿಲ್ಲ. ನಯನ ಎತ್ತಿ ಸ್ಪೀಕರಿಗೆ ಹಾಕಿದಳು.

"ಭಾವ, ಸಿಕ್ತು ಕಣ್ರೀ! ಮೂಗೂರಲ್ಲಿ ಅದೆ, ನಮ್ ತಾಲ್ಲೂಕಲ್ಲೇ! ಎರಡ್ ದಿನದಿಂದ ಅಂಗ್ಡಿಗೆ ಬಂದೋರ್ನೆಲ್ಲ ಕೇಳ್ತಾ ಇದ್ದೆ, ನಂಜನಗೂಡಲ್ಲಿ ಕಟ್ಟಾಕಿಸಿದ್ರಾ ಅಂತ. ಜವರಮ್ಮ ಅಂತ, ಮಂಗಳವಾರ ಗಂಡನ ಫೋಟೋಗೆ ಕಟ್ಟಾಕಿಸ್ಕಂಡ್ ಬಂದವ್ಳೆ. ನಾನೇ ಓಗಿ ಗೋಡೆಯಿಂದ ಒಂಚೂರು ಎತ್ತಿ ನೋಡ್ದೆ, ಇಂದ್ಗಡೆ ಬಿರುಕಲ್ಲಿ ಬಿಳೀ ಪಟ್ಟಿ ತುದಿ ಕಾಣ್ತದೆ."

"ಮತ್ತೆ ಬಸ್ ಸ್ಟ್ಯಾಂಡಿಗೆ ಯಾಕೆ ತರಲಿಲ್ಲ?" ಎಂದು ಅರಚಿದೆ.

"ದೇವ್ರ ಫೋಟೋ ತರ್ಬೇಕು ಅಂತ ಅವ್ಳ ಕಿವಿಗ್ ಬಿದ್ದದ್ದು. ನಮ್ಮೋರು ದೇವ್ರಂಥೋರೇನಲ್ಲ, ನಂಗ್ ಗೊತ್ತಿಲ್ವಾ ಅಂತ ಸುಮ್ಕಿದ್ಲಂತೆ."

ಬಿಂದುಶ್ರೀ ಮತ್ತೆ ಕೈಗವಸು ಎಳೆದುಕೊಂಡರು. ಕಾರಿನಲ್ಲಿ ಮುಂದೆ ಅವರು, ನಾನು. ಹಿಂದಿನ ಸೀಟಿನಲ್ಲಿ ಒಂದು ಕಡೆ ನಯನ, ಇನ್ನೊಂದು ಕಡೆ ಇಕ್ಕಳ ಹಿಡಿದ ಚಿಕ್ಕಬಸಪ್ಪ, ನಡುವೆ ವಿಭೂತಿ ಧರಿಸಿದ ಐರನ್ ಕೆಟಲ್. ತಿ. ನರಸೀಪುರದಲ್ಲಿ ಮದನ್ ಬೈಕಿನಲ್ಲಿ ಕಾಯುತ್ತಿದ್ದ. ನಮ್ಮ ಮುಂದೆ ಹಾರ್ನ್ ಹೊಡೆಯುತ್ತಾ, ಮಂತ್ರಿಗಳಿಗೆ ದಾರಿ ಬಿಡಿಸುವವನ ಹಾಗೆ ಮೂಗೂರಿನವರೆಗೂ ಹೋದ.

ಜವರಮ್ಮ ಅರವತ್ತೈದು ದಾಟಿದ ಗಟ್ಟಿ ಹೆಂಗಸು. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದವಳು ನಮ್ಮ ಮಾತನ್ನೆಲ್ಲ ಕೇಳಿ, ಒಂದೇ ಉತ್ತರ ಕೊಟ್ಟಳು: "ಕಟ್ಟು ಬುಚ್ಚಕ್ಕಿಲ್ಲ."

ಗೋಡೆಯ ಮೇಲೆ ಅವಳ ಗಂಡ ದೊಡ್ಡಸಿದ್ದಯ್ಯ ಇದ್ದ. ಯಾವುದೋ ಗುರುತಿನ ಚೀಟಿಯಿಂದ ಎತ್ತಿ ದೊಡ್ಡದು ಮಾಡಿಸಿದ ಫೋಟೋ. ಅವನದು ಇರುವುದೇ ಅದೊಂದು.

"ಮೊದ್ಲು ಮೂರು ದಪ ಕಟ್ಟಾಕ್ಸಿದ್ದೆ ಕಣಪ್ಪ, ಬ್ಯಾರೆ ಕಡೆ" ಎಂದಳು ಜವರಮ್ಮ. "ತಿಂಗ್ಳು ತುಂಬೋದ್ರೊಳ್ಗೆ ಕಟ್ಟಿನೊಳ್ಗೇ ಜಾರ್ಕಂಡು ಕೆಳಗ್ ಬಂದ್ಬುಡರು. ಮೂಗಿನವರ್ಗೂ ಮುಚ್ಚೋಗೋದು. ಬದ್ಕಿದ್ದಾಗ್ಲೂ ಜಾರ್ಕೊಳ್ಳದೇ ಕ್ಯಾಮೆ. ಮನೆ ಕೆಲ್ಸ ಯೋಳುದ್ರೆ ಸಾಕು, ಕಾಲ್ವೆ ನೋಡ್ಕಂಡ್ ಬತ್ತೀನಿ ಅಂತ ಜಾರ್ಕಂಬುಡರು. ನಲ್ವತ್ತು ವರ್ಸ ಸಂಸಾರ ಮಾಡ್ದೆ. ಈಗ ಐದ್ ದಿನದಿಂದ ನೆಟ್ಟಗೆ ನಿಂತವ್ರೆ. ನಿಮ್ ನಂಬರ್‌ಗೋಸ್ಕರ ತಿರ್ಗಾ ಜಾರ್ಸ್ಲಾ?"

ಚಿಕ್ಕಬಸಪ್ಪನ ಎದೆ ಉಬ್ಬಿತು. "ನಾನ್ ಯೋಳ್ಲಿಲ್ವಾ ಸಾ? ನೂರು ವರ್ಸ ಅಲ್ಲಾಡಲ್ಲ!" ಎಂದ. ಅವನನ್ನು ಸುಮ್ಮನಿರಿಸುವುದೇ ನಮಗೆ ಒಂದು ಕೆಲಸವಾಯಿತು.

ಬಿಂದುಶ್ರೀ ಜಗಲಿಯ ಮೇಲೆ ಕೂತು ತಾವೂ ನಾಲ್ಕು ಅವರೆಕಾಯಿ ಸುಲಿದರು. "ಅಜ್ಜಿ, ತೆಗೀಬೇಡಿ. ಬಿಚ್ಚಿ ತೋರ್ಸಿ ಸಾಕು. ನೋಡಿ ಮುಚ್ಬಿಡೋಣ" ಎಂದರು. ಅದಕ್ಕೆ ಜವರಮ್ಮ ಒಪ್ಪಿದಳು. ಆದರೆ ಬಿಚ್ಚುವಾಗ ಗಂಡನನ್ನು ತಾನೇ ಹಿಡಿದುಕೊಳ್ಳುತ್ತೇನೆ ಎಂದಳು. ಎರಡು ಕೈಯಲ್ಲೂ ಒತ್ತಿ ಹಿಡಿದಳು. ಚಿಕ್ಕಬಸಪ್ಪ ಮೊಳೆ ಕಿತ್ತು ರಟ್ಟು ಸರಿಸಿದ.

ಇತ್ತು. ನನ್ನ ಬಿಳಿ ಅಂಚು. ಏಳು, ಒಂದು ಓರೆಗೆರೆ, ಇಪ್ಪತ್ತೈದು. ಬಲಗಡೆಗೆ ಸಹಿ. ನನಗೆ ಕಣ್ಣು ತುಂಬಿ ಬಂತು. ಬಿಂದುಶ್ರೀ ಭೂತಗನ್ನಡಿ ಹಿಡಿದು ಬಗ್ಗಿದರು. ಪಟ್ಟಿಯ ಮೇಲಿನ ಅಂಚಿನಲ್ಲಿ ಒಂದು ಚಿಕ್ಕ ಕಪ್ಪು ಚುಕ್ಕೆಯಂಥದ್ದಿತ್ತು. ಐರನ್ ಕೆಟಲ್ ಫೋಟೋವನ್ನು ಪಕ್ಕಕ್ಕೆ ತರಿಸಿ ಹೊಂದಿಸಿ ನೋಡಿದರು. ಎಡಗಡೆಯ ಗಿಟಾರಿನವನ ಬೂಟಿನ ತುದಿ ಅದು. ಫೋಟೋದಲ್ಲಿ ಬೂಟು ಮೊಂಡಾಗಿತ್ತು, ಉಳಿದದ್ದು ಪಟ್ಟಿಯ ಮೇಲಿತ್ತು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂಡಿಕೊಂಡಿತು.

"ಎರಡೂ ಒಂದೇ. ಅನುಮಾನವೇ ಇಲ್ಲ" ಎಂದರು.

"ಅದೊಂದ್ ಕಡೆ ಕೈ ಒಂಚೂರು ಜಾರ್ತು ಸಾ" ಎಂದ ಚಿಕ್ಕಬಸಪ್ಪ. ನಲವತ್ತು ವರ್ಷದಲ್ಲಿ ಅವನು ಒಪ್ಪಿಕೊಂಡ ಒಂದೇ ತಪ್ಪು ಅದು. ಅದೇ ನನ್ನನ್ನು ಕಾಪಾಡಿತು.

ಜವರಮ್ಮ ಗಂಡನನ್ನು ಒತ್ತಿ ಹಿಡಿದುಕೊಂಡೇ ನಾಲ್ವರನ್ನು ನೋಡಿದಳು. "ಇವ್ರು ಏನ್ ಮಾಡೋರು?"

"ಹಾಡೋರು ಜವರಮ್ಮ. ಇಬ್ಬರು ತೀರಿಕೊಂಡಿದ್ದಾರೆ. ಮೂವತ್ತು ವರ್ಷದಿಂದ ದಿನಾ ಕೇಳ್ತೀನಿ."

"ನಮ್ಮೋರು ನೀರ್ಗಂಟಿ" ಎಂದಳು. "ಈ ಕಾಲ್ವೆ ಕೆಳ್ಗೆ ಅವ್ರು ತೂಬೆತ್ತಿ ನ್ಯಾಯ್ವಾಗಿ ನೀರು ಬುಟ್ಟ ಮೇಲೇನೇ ಎಲ್ರೂ ನಾಟಿ. ಒಬ್ಬರ್ಗೂ ಒಂದ್ ಬೊಗ್ಸೆ ಎಚ್ಚಿಲ್ಲ, ಕಮ್ಮಿಯಿಲ್ಲ. ಕೇಳು ಬೇಕಾದ್ರೆ ಊರಲ್ಲಿ." ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. ಅಲ್ಲಿ ಏನು ಕಂಡಿತೋ. "ತಕಂಡೋಗಪ್ಪ. ನಿನ್ ಆಸೆ ನೋಡುದ್ರೆ ಸಂಕ್ಟ ಆಯ್ತದೆ. ಮೂವತ್ ವರ್ಸ ಅಂದ್ರೆ ಅದೂ ಒಂದ್ ಸಂಸಾರಾನೇ" ಎಂದು ಒಂದು ಕೈ ತೆಗೆದಳು.

ನಾನು ಪಟ್ಟಿಯನ್ನು ಎತ್ತಿಕೊಂಡೆ. ಎತ್ತಿದ್ದೇ ತಡ, ದೊಡ್ಡಸಿದ್ದಯ್ಯ ಕಟ್ಟಿನೊಳಗೆ ಸರ್ರನೆ ಜಾರಿದ. ಮೀಸೆಯವರೆಗೂ ಮುಚ್ಚಿಹೋಯಿತು. ಜವರಮ್ಮ ಸೆರಗಿನಿಂದ ಗಾಜನ್ನು ಒರೆಸಿದಳು ಅಷ್ಟೇ.

ನನ್ನ ಕೈಯಲ್ಲಿ ನಾನು ಮೂರು ದಿನ ಊರೂರು ಅಲ್ಲಾಡಿಸಿ ಹುಡುಕಿದ ಅಂಚು ಇತ್ತು. ಮದನ್ ನನ್ನನ್ನೇ ನೋಡುತ್ತಿದ್ದ. ನಯನ ಮಾತ್ರ ಜವರಮ್ಮನ ಕಡೆ ನೋಡುತ್ತಿದ್ದಳು. ಹಾಡಿದವರು ಎಲ್ಲಿದ್ದರೂ ಕೇಳಿಸುತ್ತಾರೆ. ಈ ಮನುಷ್ಯ ಕಾಣುವುದು ಈ ಒಂದು ಚೌಕಟ್ಟಿನಲ್ಲಿ ಮಾತ್ರ.

"ಚಿಕ್ಕಬಸಪ್ಪ, ಎಲ್ಲಿತ್ತೋ ಅಲ್ಲೇ ಇಡು. ಮೊಳೆ ಹೊಡಿ" ಎಂದೆ.

"ಸರ್!" ಎಂದರು ಬಿಂದುಶ್ರೀ.

"ಇರಲಿ ಮೇಡಂ. ನನ್ನ ಪಟ್ಟಿಗೂ ನಿಮ್ಮ ಪಟ್ಟಿಗೂ ಋಣ ಇಷ್ಟೇ ಅಂತ ಕಾಣತ್ತೆ. ನೀವು ಖಾಲಿ ಬಿಟ್ಟರೂ ಪರವಾಗಿಲ್ಲ." ಪರವಾಗಿಲ್ಲ ಎಂದು ಬಾಯಿ ಹೇಳಿತು. ದನಿ ಮಾತ್ರ, ಅಷ್ಟು ವರ್ಷ ಮೈಕಿನಲ್ಲಿ ಪಳಗಿದ್ದರೂ, ನಡುವೆ ಒಡೆದುಹೋಯಿತು.

ಚಿಕ್ಕಬಸಪ್ಪ ಮೊಳೆ ಹೊಡೆದ. ದೊಡ್ಡಸಿದ್ದಯ್ಯ ಮೇಲೆದ್ದು ನೆಟ್ಟಗೆ ನಿಂತ. ಬಿಂದುಶ್ರೀ ಜಗಲಿಯ ಮೇಲೆ ಕೂತು ಫೋನ್ ತೆಗೆದರು. ಊರು ಎಂಬ ಕಾಲಮಿನಲ್ಲಿ ಏನೋ ಬರೆದರು, ಅಳಿಸಿದರು, ಮತ್ತೆ ಬರೆದರು.

"ನಂಬರು ನೋಡ್ಬೇಕು, ಸಹಿ ನೋಡ್ಬೇಕು ಅಂತ ಮಾತ್ರ ನಿಯಮ ಇರೋದು" ಎಂದರು ತಲೆಯೆತ್ತದೆ. "ಎರಡೂ ನೋಡಿದ್ದೀನಿ. ಎಲ್ಲ ಒಂದೇ ಗೋಡೆ ಮೇಲೆ ಇರ್ಬೇಕು ಅಂತ ಎಲ್ಲೂ ಬರೆದಿಲ್ಲ." ಫೋನನ್ನು ನನ್ನ ಕಡೆ ತಿರುಗಿಸಿದರು.

ಏಳರ ಎದುರಿನ ಖಾಲಿ ಜಾಗ ತುಂಬಿತ್ತು. ಚಿತ್ರ: ಅಮೃತೇಶ್, ನಂಜನಗೂಡು. ನಂಬರು ಮತ್ತು ಸಹಿ: ಜವರಮ್ಮ, ಮೂಗೂರು.

ಓದಿ ಹೇಳಿದಾಗ ಜವರಮ್ಮ, "ನನ್ನೆಸ್ರು ಯಾಕವ್ವ? ನಮ್ಮೋರ್ದು ಆಕು. ಇಡ್ಕಂಡಿರೋರು ಅವ್ರಲ್ವಾ" ಎಂದಳು. ಬಿಂದುಶ್ರೀ ತಿದ್ದಿದರು. ಲಂಡನ್, ಟೋಕಿಯೋ, ಷಿಕಾಗೋ ಇರುವ ಪಟ್ಟಿಯಲ್ಲಿ ದೊಡ್ಡಸಿದ್ದಯ್ಯ, ಮೂಗೂರು ಎಂದು ದಾಖಲಾಯಿತು. ಜವರಮ್ಮ ಎದ್ದು ನಮಗೆಲ್ಲ ಊಟಕ್ಕೆ ಎಲೆ ಹಾಕಿದಳು.

ಹಿಂತಿರುಗುವಾಗ ಮೂಗೂರು ರಸ್ತೆಯ ಟೀ ಅಂಗಡಿಯಲ್ಲಿ ನಿಂತೆವು. ಬೆಂಚಿನ ಮೇಲಿದ್ದ ನಾಲ್ಕೈದು ಜನ, ಕಾರಿನೊಳಗೆ ವಿಭೂತಿ ಧರಿಸಿ ಕೂತಿದ್ದವರನ್ನು ಇಣುಕಿ ನೋಡಿ, ಇವರು ಯಾವ ಮಠದವರು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮದನ್ ಗ್ಲಾಸು ಕೆಳಗಿಟ್ಟು ಎದ್ದು ನಿಂತ.

"ಮಠದೋರಲ್ಲ ಕಣ್ಲಾ. ಪರ್ಪಂಚಕ್ಕೆಲ್ಲ ಇರೋದು ಇಪ್ಪತ್ತೈದೇ ಇಂಥವು. ಮಿಕ್ಕೋರ್ದೆಲ್ಲ ಒಂದೊಂದ್ ಊರಲ್ ಬಿದ್ದವೆ. ಲಂಡನ್ನೋರ್ದೂ ಅಷ್ಟೇ, ಒಂದೇ ಊರು. ನಮ್ ಭಾವಂದೊಂದೇ ಎರಡ್ ತಾಲ್ಲೂಕಲ್ಲಿರೋದು!"

ನಾನು ಇನ್ನೊಂದು ಟೀ ಹೇಳಿದೆ. ಅವನು ಹೇಳಿದ್ದರಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ.